ತೂಬಿನ ಉಸಿರು

“ತೂಬು ಎತ್ರೋ! ಕಟ್ಟೆ ಒಡ್ದೋಯ್ತದೆ!”

ಪ್ರಸನ್ನ ಬೆಂಚಿನ ಮೇಲೆ ನಿಂತು, ಕರ್ಚೀಫನ್ನು ಟವೆಲಿನ ಹಾಗೆ ಬೀಸುತ್ತಾ ಕೂಗಿದ. ಐದನೇ ಕ್ಲಾಸು ಬಿದ್ದು ಬಿದ್ದು ನಕ್ಕಿತು. ಧನಲಕ್ಷ್ಮಿಯೂ ನಕ್ಕಳು. ಎಲ್ಲರಿಗಿಂತ ಸ್ವಲ್ಪ ಜೋರಾಗಿಯೇ ನಕ್ಕಳು, ಪಾಪ.

ನಿನ್ನೆ ಭಾನುವಾರ ಮಾರತ್ತಹಳ್ಳಿಯ ಮಾಲ್‌ನಲ್ಲಿ ಹಾಗೆ ಕೂಗಿದ್ದು ಅವಳ ತಾತ ಶ್ಯಾಮಣ್ಣ. ಆದರೆ ಅವರು ಅವಳ ತಾತ ಎಂದು ಕ್ಲಾಸಿನಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಸಿನಿಮಾ ‘ಮಡುವ ಪಾರ್ಟ್ ಟೂ’. ಕೆರೆಯ ತಳದಲ್ಲಿ ಮಲಗಿರುವ ಮಡುವ ಎಂಬ ರಾಕ್ಷಸನ ಕತೆ. ಮೊದಲನೆಯದು ಬಂದು ಐದು ವರ್ಷವಾಗಿತ್ತು. ಅದನ್ನು ಟಿವಿಯಲ್ಲಿ ಹತ್ತು ಸಲ ನೋಡಿ, ಎರಡನೆಯದು ಯಾವಾಗ ಯಾವಾಗ ಎಂದು ಇಡೀ ಕ್ಲಾಸು ಕಾದಿತ್ತು. ಅಪ್ಪ ಅಮ್ಮನಿಗೆ ಬಿಡುವಿಲ್ಲದ್ದಕ್ಕೆ ಧನಲಕ್ಷ್ಮಿ ತಾತನ ಬೆನ್ನುಹತ್ತಿದಳು. “ಕೆರೆ ಸಿನ್ಮಾ ಅಂದ್ರೆ ಬತ್ತೀನಿ ಕಣವ್ವ,” ಎಂದು ತಾತ ಒಗೆದ ಪಂಚೆ ಉಟ್ಟು ಹೊರಟರು.

ತಾತ ಊರಿನ ನೀರುಗಂಟಿ. ಕೆರೆಯ ನೀರು ಹೊರಗೆ ಬಿಡುವ ತೂಬನ್ನು ಎತ್ತಿ, ಒಂದೊಂದು ಗದ್ದೆಗೂ ನೀರು ಹಂಚುತ್ತಿದ್ದವರು ಅವರೇ. ಈಗ ಗದ್ದೆಗಳಿದ್ದ ಜಾಗದಲ್ಲಿ ಅಪಾರ್ಟ್‌ಮೆಂಟು. ಇವರ ಮನೆಯ ಮೇಲೂ ಬಾಡಿಗೆಗೆ ಆರು ರೂಮು. ಆದರೂ ತಾತ ಸಂಜೆ ಆರಕ್ಕೆ ತೂಬಿನ ಹತ್ತಿರ ಹೋಗುವುದನ್ನು ಬಿಟ್ಟಿರಲಿಲ್ಲ.

ಪರದೆಯ ಮೇಲೆ ಕೆರೆ ಉಕ್ಕಿತು. ಕಟ್ಟೆ ಬಿರುಕು ಬಿಟ್ಟಿತು. ರಾಕ್ಷಸ ಈಗ ಏಳುತ್ತಾನೆ, ಈಗ ಏಳುತ್ತಾನೆ ಎಂದು ಜನ ಉಸಿರು ಬಿಗಿಹಿಡಿದು ಕೂತಿದ್ದರೆ, ತಾತ ಎದ್ದು ನಿಂತರು. ಅವರಿಗೆ ರಾಕ್ಷಸ ಕಾಣಲೇ ಇಲ್ಲ, ಕಟ್ಟೆಯೊಂದೇ ಕಂಡಿತು. ಟವೆಲ್ ಬೀಸಿ ಕೂಗಿಯೇಬಿಟ್ಟರು. ಇಡೀ ಥಿಯೇಟರು ಗೊಳ್ಳೆಂದಿತು.

ಹೊರಗೆ ಬಂದಾಗ ಪ್ರಸನ್ನ ಮತ್ತು ದಿವ್ಯಾ ಎದುರಾದರು. ಇಬ್ಬರೂ ಕೆರೆಯ ಆಚೆಯ ಅಪಾರ್ಟ್‌ಮೆಂಟಿನವರು. ತಾತ ನಾಲ್ಕು ಹೆಜ್ಜೆ ಹಿಂದೆ ಬರುತ್ತಿದ್ದರು.

“ಆ ತಾತ ಯಾರೇ? ನಿನ್ ಪಕ್ಕ ಕೂತಿದ್ರಲ್ಲ?” ಎಂದಳು ದಿವ್ಯಾ.

“ಅವ್ರಾ? ನಮ್ಮನೆ ಮೇಲ್ಗಡೆ ಬಾಡಿಗೆಗಿದ್ದಾರೆ ಅಷ್ಟೇ,” ಎಂದುಬಿಟ್ಟಳು ಧನಲಕ್ಷ್ಮಿ.

ಈಗ ಕ್ಲಾಸಿನಲ್ಲಿ ನಗು ಮುಗಿದು ಜಗಳ ಶುರುವಾಗಿತ್ತು.

“ಪಾರ್ಟ್ ಟೂ ಡಬ್ಬಾ,” ಎಂದ ಪ್ರಸನ್ನ. “ಫಸ್ಟ್ ಪಾರ್ಟಲ್ಲಿ ಮಡುವ ಕಾಣಿಸ್ತಾನೇ ಇರ್ಲಿಲ್ಲ. ಬರೀ ಉಸಿರು. ಗೊರ್ರ್... ಗೊರ್ರ್... ಬಾತ್‌ರೂಮಿಗೆ ಒಬ್ನೇ ಹೋಗೋಕಾಗ್ತಿರ್ಲಿಲ್ಲ ನಂಗೆ!”

“ಐದು ವರ್ಷ ಕಾದಿದ್ದು ಉಸಿರು ಕೇಳೋಕಾ?” ದಿವ್ಯಾ ರೇಗಿದಳು. “ಏಳು ಕಣ್ಣು, ಬೆಂಕಿ ಬಾಲ! ಗ್ರಾಫಿಕ್ಸ್ ಸಕ್ಕತ್ತಾಗಿತ್ತು.”

“ಅದು ಕಾರ್ಟೂನು. ಕಾಣಿಸ್ದೇ ಇದ್ರೇನೇ ಭಯ.”

“ಕಾಣಿಸ್ದೇ ಇದ್ರೆ ಯಾಕೋ ಭಯ?”

ಊಟದ ಹೊತ್ತಿಗೆ ಕ್ಲಾಸು ಎರಡು ಪಾರ್ಟಿಯಾಯಿತು. ಒಬ್ಬರ ಚಿಪ್ಸನ್ನು ಇನ್ನೊಬ್ಬರು ಮುಟ್ಟಲಿಲ್ಲ, ಅಷ್ಟು ಸಿಟ್ಟು. ಕೊನೆಗೆ ಪ್ರಸನ್ನ ಹೇಳಿದ, “ನಮ್ ಕೆರೆ ತೂಬಲ್ಲೂ ಆ ಉಸಿರು ಕೇಳ್ಸುತ್ತಂತೆ. ವಾಚ್‌ಮನ್ ಹೇಳ್ದ. ಸಂಜೆ ಬಾ. ನೀನು ಹೆದರ್ದೇ ನಿಂತ್ರೆ ನಾನೇ ಸೋತೆ ಅಂತ ಒಪ್ಕೋತೀನಿ. ಧನು, ನೀನೇ ಜಡ್ಜ್. ಆರು ಗಂಟೆಗೆ.”

“ಐದಕ್ಕೆ ಹೋಗೋಣ,” ಎಂದಳು ಧನಲಕ್ಷ್ಮಿ ತಟ್ಟನೆ.

“ಬೆಳಕಲ್ಲಿ ಏನ್ ಭಯ? ಆರಕ್ಕೇ.”

ಆರು ಗಂಟೆ ತಾತನ ಹೊತ್ತು. ಸಂಜೆ ಮನೆಗೆ ಓಡಿಬಂದು, ಇವತ್ತೊಂದು ದಿನ ಹೋಗಬೇಡಿ ಎನ್ನಬೇಕೆಂದುಕೊಂಡಳು. ತಾತನ ಚಪ್ಪಲಿ ಬಾಗಿಲಲ್ಲಿ ಇರಲಿಲ್ಲ. ಆಗಲೇ ಹೊರಟುಹೋಗಿದ್ದರು.

ಕಟ್ಟೆಯ ಮೇಲೆ ಮೂವರೇ. ಕೆರೆಯ ತುಂಬ ಕೊಳಚೆಯ ನೊರೆ. ಎಲ್ಲಿ ನೋಡಿದರೂ ನೀರೇ ಕಾಣದು. ಗಾಳಿ ಬೀಸಿದಾಗ ನೊರೆಯ ದೊಡ್ಡ ದೊಡ್ಡ ತುಂಡುಗಳು ಎದ್ದು, ಸದ್ದಿಲ್ಲದೆ ತೇಲಿಬಂದು, ಬೇಲಿಗೆ ಅಂಟಿಕೊಂಡು ನಡುಗುತ್ತಿದ್ದವು. ಮೂಗಿಗೆ ಖಾರದಂಥ ವಾಸನೆ. ಒಂದು ಹಕ್ಕಿಯ ದನಿಯೂ ಇಲ್ಲ. ದೂರದಲ್ಲಿ ಆಫೀಸುಗಳ ದೀಪ ಹೊತ್ತಿಕೊಂಡವು. ಇಲ್ಲಿ ಮಾತ್ರ ಕತ್ತಲೆ ಬೇಗ ಬಂದಿತ್ತು.

ಗೊರ್ರ್...

ತೂಬಿನ ಎರಡು ಕಲ್ಲುಕಂಬಗಳ ಕೆಳಗಿಂದ ಬಂದ ಸದ್ದು. ನಿಂತಿತು. ಮತ್ತೆ, ಗೊರ್ರ್...

“ಫೋನಲ್ಲಿ ಹಾಕಿದ್ಯಾ?” ದಿವ್ಯಾಳ ದನಿ ಸಣ್ಣಗಾಗಿತ್ತು.

ಪ್ರಸನ್ನ ಖಾಲಿಯಾಗಿದ್ದ ಎರಡೂ ಕೈ ತೋರಿಸಿದ.

ಕಂಬಗಳ ನಡುವಿನ ನೊರೆ ಉಬ್ಬಿತು. ಅಲುಗಿತು. ಅದರೊಳಗಿಂದ ಬೆಳ್ಳಗಿನ ಏನೋ ಒಂದು ಎದ್ದು ನಿಂತಿತು. ಮುಖವಿಲ್ಲ. ಒಂದು ಕೈ ಮಾತ್ರ ತುಂಬ ಉದ್ದ. ದಿವ್ಯಾಳ ಉಗುರು ಧನಲಕ್ಷ್ಮಿಯ ತೋಳಿಗೆ ನಾಟಿತು. ಪ್ರಸನ್ನ ಅವರಿಬ್ಬರ ಬೆನ್ನ ಹಿಂದೆ ಸರಿದ.

ಅದು ಕೆಮ್ಮಿತು.

ಧನಲಕ್ಷ್ಮಿ ಆ ಕೆಮ್ಮನ್ನು ದಿನಾ ಬೆಳಿಗ್ಗೆ ಜಗಲಿಯಿಂದ ಕೇಳುತ್ತಿದ್ದಳು. ಈಗ “ಓಡ್ರೋ” ಎಂದರೆ ಸಾಕಿತ್ತು. ಇಬ್ಬರೂ ಓಡುತ್ತಿದ್ದರು. ಅವಳ ಸುಳ್ಳು ಉಳಿಯುತ್ತಿತ್ತು. ಬಾಯಿಯವರೆಗೂ ಬಂದಿತ್ತು ಆ ಮಾತು. ಅಷ್ಟರಲ್ಲಿ ತಾತ ಕೈಯ ಕೋಲನ್ನು ಊರಿ, ತಲೆಯ ಮೇಲಿನ ಟವೆಲ್ ತೆಗೆದು ನೊರೆ ಕೊಡವಿದರು.

“ಯಾರವ್ವ ಅಲ್ಲಿ? ಕಟ್ಟೆ ಜಾರ್ತದೆ, ಉಸಾರು.”

“ಏ, ಥಿಯೇಟರ್ ತಾತ!” ಪ್ರಸನ್ನನಿಗೆ ಹೋದ ಜೀವ ಬಂತು. “ನಿಜಕ್ಕೂ ನೀವ್ಯಾರು ತಾತ? ಇಲ್ಲೇನ್ ಮಾಡ್ತಿದೀರ?”

ತಾತ ಧನಲಕ್ಷ್ಮಿಯ ಮುಖ ನೋಡಿದರು.

“ನಾನಾ? ಈ ಮಗೀನ ಮನೆ ಮೇಲ್ಗಡೆ ಬಾಡಿಗೆಗವ್ನಿ ಕಣಪ್ಪ, ಅಷ್ಟೇಯ,” ಎಂದು ನಕ್ಕರು.

ಹಾಗಾದರೆ ಧನಲಕ್ಷ್ಮಿ ಹೇಳಿದ್ದು ತಾತನಿಗೆ ನಿನ್ನೆಯೇ ಕೇಳಿಸಿತ್ತು. ಬಸ್ಸಿನಲ್ಲಿ ಅವಳಿಗೆ ಕಿಟಕಿಯ ಸೀಟು ಬಿಟ್ಟುಕೊಟ್ಟಾಗ, ದಾರಿಯುದ್ದಕ್ಕೂ ಕಡಲೆಕಾಯಿ ಸುಲಿದು ಕೈಗೆ ಹಾಕುತ್ತಿದ್ದಾಗ, ಎಲ್ಲ ಗೊತ್ತಿದ್ದೇ ಹಾಕುತ್ತಿದ್ದರು.

“ಅಲ್ಲ,” ಎಂದಳು. “ನಮ್ ತಾತ. ನಮ್ಮಪ್ಪನ ಅಪ್ಪ. ನಿನ್ನೆ ನಾನ್ ಸುಳ್ಳು ಹೇಳ್ದೆ.”

ಯಾರೂ ನಗಲಿಲ್ಲ. ಕೆಳಗೆ ಮತ್ತೆ ಗೊರ್ರ್ ಎಂದಿತು.

“ತಾತ, ಒಳಗೆ ಏನಿದೆ?” ದಿವ್ಯಾ ಮೆಲ್ಲಗೆ ಕೇಳಿದಳು.

“ನೀರವ್ವ. ನೊರೆ ಕಟ್ಕಂಡು ಉಸುರು ಸಿಕ್ತಾ ಇಲ್ಲ ಅದ್ಕೆ. ದಿನಾ ಬಂದು ಈ ಕೋಲಾಗೆ ಒಸಿ ಬಿಡಿಸ್ತೀನಿ.”

ಪ್ರಸನ್ನ, ದಿವ್ಯಾ ತಮ್ಮ ಅಪಾರ್ಟ್‌ಮೆಂಟಿನ ದಾರಿ ಹಿಡಿದರು. “ಉಸಿರಿಗೇ ಹೆದರಿದ್ದು ನೀನು!” “ಅಲ್ಲ, ಬೆಳ್ಳಗೆ ಕಾಣಿಸ್ತಲ್ಲ, ಆಗ!” ಎಂಬ ಜಗಳ ಕತ್ತಲೆಯೊಳಗೆ ಬಹಳ ಹೊತ್ತು ಕೇಳಿಸಿತು.

ಧನಲಕ್ಷ್ಮಿ ತಾತನ ಹೆಗಲ ಮೇಲಿನ ನೊರೆ ಒರೆಸಿದಳು.

“ಮಗಾ, ಆ ಸಿನ್ಮಾದಾಗೆ ಕಟ್ಟೆ ಉಳ್ಕಂತಾ?” ತಾತ ಕೇಳಿದರು. “ಎಲ್ರೂ ನಕ್ರಲ್ಲ, ಆಮೇಕೆ ನಾನು ತಲೆ ಎತ್ಲೇ ಇಲ್ಲ.”

ಅವಳು ತಾತನ ಕೋಲನ್ನು ತಾನು ತೆಗೆದುಕೊಂಡಳು.

“ಇಲ್ಲ ತಾತ,” ಎಂದಳು. “ಯಾರೂ ತೂಬು ಎತ್ಲಿಲ್ಲ.”