ಹಸಿರಾದ ನಿಂಬೆರಸ

“ಮುಟ್ಬೇಡಿ! ಬಟ್ಟೆಗೆ ಬಿದ್ರೆ ಕಲೆ ಹೋಗಲ್ಲ!”

ಹೊಸ ವಿಜ್ಞಾನ ಟೀಚರ್ ಬೆಚ್ಚಿಬಿದ್ದಳು. ಶಾಲೆಗೆ ಬಂದು ಒಂದು ಗಂಟೆಯೂ ಆಗಿಲ್ಲ, ಆಗಲೇ ಗದರಿಕೆ! ಗದರಿದವನು ಲ್ಯಾಬ್ ಅಟೆಂಡರ್. ಅವನ ಮುಂದೆ ಪಾತ್ರೆಯಲ್ಲಿ ನೇರಳೆ ಎಲೆಕೋಸು ಕುದಿಯುತ್ತಿತ್ತು.

“ಅಡುಗೆನಾ?”

“ತಿನ್ನೋಕಲ್ಲ ಮೇಡಂ, ನೋಡೋಕೆ.”

ಆ ನೇರಳೆ ನೀರನ್ನು ಎರಡು ಗ್ಲಾಸಿಗೆ ಸೋಸಿದ. ಒಂದಕ್ಕೆ ನಿಂಬೆರಸ ಬಿತ್ತು, ಗುಲಾಬಿ! ಇನ್ನೊಂದಕ್ಕೆ ಬಟ್ಟೆ ಒಗೆಯುವ ಸೋಡಾ, ಹಸಿರು!

“ಹುಳಿ ಯಾವ್ದು, ಕ್ಷಾರ ಯಾವ್ದು ಅಂತ ನಾಲಿಗೆಗಿಂತ ಇದೇ ಚೆನ್ನಾಗಿ ಹೇಳುತ್ತೆ.”

ಆ ವರ್ಷ ಇಬ್ಬರೂ ಸೇರಿ ಮೊಸರು, ವಿನೆಗರ್, ಶಾಂಪೂ, ಟೂತ್‌ಪೇಸ್ಟ್ ಯಾವುದನ್ನೂ ಬಿಡಲಿಲ್ಲ. ಹುಡುಗಿಯರು ಬಾಗಿಲಲ್ಲಿ ನಿಂತು ಕಿಸಕ್ಕನೆ ನಗುವಷ್ಟು ಪ್ರೀತಿಯೂ ಬೆಳೆಯಿತು.

ಒಂದು ಸಂಜೆ ಅವಳ ಅಣ್ಣ ಕರೆದೊಯ್ಯಲು ಬಂದ. “ಇವರ್ಯಾರು?”

ಅವಳು ಕಣ್ಣು ತಪ್ಪಿಸಿದಳು. “ಇವರಾ... ಇಲ್ಲಿ ಅಟೆಂಡರ್.”

ಅಷ್ಟೇ! ಮದುವೆಯಾಗೋಣ ಎಂದು ಮಾತು ಕೊಟ್ಟಿದ್ದವಳು ಹೇಳಿದ್ದು ಅಷ್ಟೇ! ಅಣ್ಣ ಗಾಡಿ ತಿರುಗಿಸಲು ಹೋದಾಗ ಅವನು ಮೆಲ್ಲಗೆ ಹೇಳಿದ.

“ನಾಲ್ಕು ಜನರ ಮುಂದೆ ತಲೆ ತಗ್ಗಿಸೋದು ಅಂದ್ರೆ ಏನು ಅಂತ ನಿಮಗೂ ಒಂದಿನ ಗೊತ್ತಾಗುತ್ತೆ.”

ಮರುದಿನ ಶಾಲೆಗೆ ತಪಾಸಣೆಯವರು ಬಂದರು. ಅವಳ ಕೆಲಸ ಖಾಯಂ ಆಗಬೇಕಾದ ದಿನ. “ಈಗ ಗುಲಾಬಿ ಬಣ್ಣ ಬರುತ್ತೆ ನೋಡಿ” ಎನ್ನುತ್ತಾ ಗ್ಲಾಸಿಗೆ ನಾಲ್ಕು ಹನಿ ನಿಂಬೆರಸ ಬಿಟ್ಟು, ಅದರ ಮೇಲೆ ನೇರಳೆ ನೀರು ಸುರಿದಳು.

ನೀರು ಹಸಿರಾಯಿತು!

“ಮೊದಲು ಟೀಚರ್‌ಗೆ ಪಾಠ ಆಗ್ಬೇಕು” ಎಂದರು ಒಬ್ಬರು. ತರಗತಿಯೆಲ್ಲ ಗೊಳ್ಳೆಂದಿತು. ನಿನ್ನೆಯ ಮಾತು ಅವಳ ಕಿವಿಯಲ್ಲಿ ಮೊಳಗಿತು.

“ಇವರೇ ಏನೋ ಬೆರೆಸಿದಾರೆ ಮೇಡಂ! ನನ್ನ ಮೇಲಿನ ಹಗೆಗೆ!” ಎಂದು ಹೆಡ್‌ಮೇಡಂ ಎದುರು ಅತ್ತುಬಿಟ್ಟಳು.

ಅವನು ಒಂದೇ ಒಂದು ಮಾತಾಡಲಿಲ್ಲ. ಅಂದೇ ಅವನನ್ನು ಕೆಲಸದಿಂದ ತೆಗೆದರು. ಅವಳಿಗೆ ಬೇರೊಂದು ಪಾಠ ಮಾಡಿ ತೋರಿಸಲು ಇನ್ನೊಂದು ಅವಕಾಶ ಸಿಕ್ಕಿತು, ಕೆಲಸ ಖಾಯಂ ಆಯಿತು. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ?

ಮೂರು ತಿಂಗಳ ನಂತರ ಅವಳೊಬ್ಬಳೇ ಅದೇ ಪಾಠಕ್ಕೆ ತಯಾರಿ ನಡೆಸಿದಳು. ನಿಂಬೆರಸದ ಮೇಲೆ ನೇರಳೆ ನೀರು ಸುರಿದಳು. ಮತ್ತೆ ಹಸಿರು!

ಲ್ಯಾಬಿನಲ್ಲಿ ಬೇರೆ ಯಾರೂ ಇರಲಿಲ್ಲ. ಗ್ಲಾಸುಗಳನ್ನು ತಿಕ್ಕಿದ್ದು ಅವಳೇ, ಅಮ್ಮ ಕಲಿಸಿದಂತೆ. ಒದ್ದೆ ಸೋಡಾ ಹಚ್ಚಿ ತಿಕ್ಕಿ ಒಣಬಟ್ಟೆಯಲ್ಲಿ ಒರೆಸಿದರೆ ಗಾಜು ಫಳಫಳ ಹೊಳೆಯುತ್ತದೆ, ನೀರಲ್ಲಿ ತೊಳೆದರೆ ಕಲೆ ಉಳಿಯುತ್ತದೆ! ತಪಾಸಣೆಯ ಬೆಳಿಗ್ಗೆಯೂ ಹಾಗೆಯೇ ಒರೆಸಿಟ್ಟಿದ್ದಳು. ಸೋಡಾ ಗ್ಲಾಸಿನ ತಳದಲ್ಲೇ ಉಳಿದಿತ್ತು.

ಅಯ್ಯೋ... ನಾನೇ! ಅವರಲ್ಲ, ನಾನೇ!

ಅವನು ಈಗ ಒಂದು ಲಾಂಡ್ರಿಯಲ್ಲಿ ಇಸ್ತ್ರಿ ಹಾಕುತ್ತಿದ್ದ. ಅವಳು ಉಸಿರು ಬಿಡದೆ ಎಲ್ಲವನ್ನೂ ಹೇಳಿ ಮುಗಿಸಿದಳು. ಅವನು ಅಂಗಿಯ ಕಾಲರಿನಿಂದ ಕಣ್ಣು ಎತ್ತಲಿಲ್ಲ.

“ಗೊತ್ತಿತ್ತು.”

“ಏನು?”

“ಅವತ್ತೇ ಪಾಠ ಮುಗಿದ್ಮೇಲೆ ಗ್ಲಾಸ್ ಎತ್ತಿಡುವಾಗ ಬೆರಳು ಜಾರಿತ್ತು. ಸೋಡಾ ಅಂತ ಗೊತ್ತಾಯ್ತು.”

“ಮತ್ತೆ ಯಾಕೆ ಬಾಯಿ ಬಿಡ್ಲಿಲ್ಲ?!”

“ಬಿಟ್ಟಿದ್ರೆ ನಿಮ್ಮ ಕೆಲಸ ಹೋಗ್ತಿತ್ತು. ಮತ್ತೆ...” ಅವನು ಅದೇ ಕಾಲರನ್ನು ಮತ್ತೊಮ್ಮೆ ಒತ್ತಿದ. “ನೀವು ಒಂದು ಮಾತು ನನ್ನನ್ನ ಕೇಳ್ತೀರಾ ಅಂತ ಕಾದೆ. ಕೇಳ್ಲೇ ಇಲ್ಲ.”

ಅವಳು ಇಸ್ತ್ರಿ ಮೇಜಿನ ಹತ್ತಿರ ಬಂದಳು.

“ಹೆಡ್‌ಮೇಡಂಗೆ ನಿಜ ಬರೆದುಕೊಟ್ಟು ಬಂದಿದೀನಿ. ಅಣ್ಣನಿಗೂ ಹೇಳಿದೆ, ಅವರು ಅಟೆಂಡರೇ, ನಾನು ಮದುವೆ ಆಗೋದು ಅವರನ್ನೇ ಅಂತ.”

“ಕೆಲಸ ಹೋಗುತ್ತಲ್ರೀ!”

“ಹೋಗ್ಲಿ.”

ಇಸ್ತ್ರಿಪೆಟ್ಟಿಗೆ ಪಕ್ಕಕ್ಕಿಟ್ಟ. ಕಣ್ಣು ತುಂಬಿತ್ತು, ಮುಖ ಮಾತ್ರ ಬಿಗಿದೇ ಇತ್ತು.

“ಪ್ರೀತಿ ಇದೆ. ಅದು ಒಂದು ದಿನಾನೂ ಹೋಗಿಲ್ಲ. ಆದ್ರೆ ನಂಬಿಕೆ ಕೇಳ್ಬೇಡಿ, ಈಗ ನನ್ನ ಹತ್ರ ಇಲ್ಲ.”

ಅವಳು ಕಣ್ಣೊರೆಸಿಕೊಂಡಳು. “ನಾಳೆ ಬರ್ಲಾ?”

“ನಾಳೆನೂ ಕೋಪ ಇರುತ್ತೆ.”

“ಇರ್ಲಿ. ಬೈಸ್ಕೊಳ್ಳೋಕೇ ಬರ್ತೀನಿ.”

ಅವನು ಮತ್ತೆ ಇಸ್ತ್ರಿಪೆಟ್ಟಿಗೆ ಎತ್ತಿಕೊಂಡ.

“ಹತ್ತು ಗಂಟೆಗೆ ಅಂಗಡಿ ತೆಗೀತೀನಿ... ತಡ ಮಾಡ್ಬೇಡಿ.”