ಋತುಮಣಿಗೆ ಸಿಕ್ಕ ಉತ್ತರ

2058ನೇ ಇಸವಿಯ ಒಂದು ಸೋಮವಾರ ಬೆಳಿಗ್ಗೆ ಹತ್ತಕ್ಕೆ ಬ್ಯಾಡಗಿಯ ಮೆಣಸಿನಕಾಯಿ ಗೋದಾಮಿನಲ್ಲಿ ಮೂವತ್ತೊಂದು ಬಳೆಗಳು ಒಟ್ಟಿಗೆ ಮಾತಾಡಿದವು: ‘ಆರಾಮ ಅದೀರೇನ್ರಿ?’ ತೊಟ್ಟು ಬಿಡಿಸುತ್ತಿದ್ದ ಹೆಂಗಸರು ಕೈ ನಿಲ್ಲಿಸದೆ, ತಲೆ ಎತ್ತದೆ, ‘ಆರಾಮ್ರಿ’ ಎಂದರು. ಬಳೆಗಳು ಹಸಿರಾಗಿ ಮಿನುಗಿ ಸುಮ್ಮನಾದವು.

ಋತುಮಣಿಯನ್ನು ರೂಪಿಸಿದವಳು ಬಾಗಿಲಲ್ಲಿ ನಿಂತು ನೋಡುತ್ತಿದ್ದ ಡಾ. ವಾರುಣಿ ಕಟ್ಟಿ. ಅಕ್ಕಿಕಾಳಿನಷ್ಟು ಗಾತ್ರದ ಈ ಗರ್ಭನಿರೋಧಕವನ್ನು ತೋಳಿನ ಚರ್ಮದಡಿ ಇಡುತ್ತಾರೆ. ಅದು ರಕ್ತದಲ್ಲಿನ ಹಾರ್ಮೋನುಗಳನ್ನು ತಾನೇ ಅಳೆದು, ಅಂಡಾಣು ಬಿಡುಗಡೆಯಾಗದಂತೆ ತಡೆಯಲು ಬೇಕಾದಷ್ಟೇ ಈಸ್ಟ್ರೋಜನ್ ಮತ್ತು ಪ್ರೊಜೆಸ್ಟಿನ್ ಒಸರುತ್ತದೆ. ದಿನವೂ ನುಂಗುವ ಮಾತ್ರೆ, ಮರೆವಿನ ದೆಸೆಯಿಂದ, ವರ್ಷಕ್ಕೆ ನೂರರಲ್ಲಿ ಏಳು ಹೆಂಗಸರಿಗೆ ಕೈಕೊಡುತ್ತಿತ್ತು. ಋತುಮಣಿ ಕೈಕೊಟ್ಟದ್ದು ಸಾವಿರದಲ್ಲಿ ಒಬ್ಬಳಿಗೆ. ಮುಟ್ಟಿನ ದಿನವಲ್ಲದೆ ರಕ್ತ ಕಾಣಿಸಿದರೆ ಅದು ಈಸ್ಟ್ರೋಜನ್ ಏರಿಸುತ್ತದೆ. ಮೈಗೆ ಒಗ್ಗುತ್ತಿಲ್ಲವೆಂದು ಧರಿಸಿದವಳು ಹೇಳಿದರೆ ಇಳಿಸುತ್ತದೆ. ಮಣಿಗೆ ಜೋಡಿಯಾಗಿ ಕೈಗೆ ತೊಡಿಸಿದ ಬಳೆ ವಾರಕ್ಕೊಮ್ಮೆ ಕೇಳುವುದು ಅದಕ್ಕಾಗಿಯೇ.

ಮೊದಲು ಇಪ್ಪತ್ತು ಪ್ರಶ್ನೆಗಳಿದ್ದವು. ಪುಸ್ತಕದ ಭಾಷೆಯ ಆ ಪಟ್ಟಿಗೆ ಹೆಂಗಸರು ಬೇಸತ್ತಾಗ ವಾರುಣಿಯೇ ಅದನ್ನು ತೆಗೆದು, ಮನೆಯವರು ಕೇಳುವಂಥ ಒಂದೇ ಪ್ರಶ್ನೆಯನ್ನಿಟ್ಟಳು. ಎಲ್ಲರೂ ಮೆಚ್ಚಿದರು. ಪ್ರಯೋಗ ನಡೆದು ನಾಲ್ಕು ವರ್ಷ, ನಾಲ್ಕು ಸಾವಿರ ಹೆಂಗಸರು, ದೂರು ಒಂದೂ ಇಲ್ಲ. ಸಂಜೆ ಸರ್ಕಾರಕ್ಕೆ ಹೋಗಬೇಕಾಗಿದ್ದ ವರದಿಯಲ್ಲಿ ಅಡ್ಡಪರಿಣಾಮಗಳ ಕೆಳಗೆ ‘ಗಮನಾರ್ಹವಾದುದು ಇಲ್ಲ’ ಎಂದು ಬರೆದಾಗಿತ್ತು.

ಸಾಲಿನ ಕೊನೆಯಲ್ಲಿದ್ದ ಮೈಲವ್ವ ಎಡಗಡೆಯ ಬುಟ್ಟಿಗೆ ತಡಕಾಡುತ್ತಿದ್ದಳು. ಬುಟ್ಟಿ ಅಲ್ಲೇ ಇತ್ತು. ಕೈ ಅದರ ಪಕ್ಕದಲ್ಲಿ ನೆಲ ಸವರುತ್ತಿತ್ತು.

‘ಕಾಣಸವಲ್ದೇನು?’ ವಾರುಣಿ ಪಕ್ಕದಲ್ಲಿ ಕುಳಿತಳು.

‘ಸ್ವಲ್ಪ ಹೊತ್ತು ಹಿಂಗಾಕ್ಕೈತ್ರಿ. ಗರಗಸದ ಹಲ್ಲಿನಂಗ ಬೆಳಕು ಹೊಳಿತೈತಿ. ಆಮ್ಯಾಲ ಅರ್ಧ ತಲಿ ಸಿಡೀತೈತಿ.’

‘ಎಂದಿನಿಂದ?’

‘ಉಗಾದಿಯಿಂದ್ರಿ.’

ಏಳು ತಿಂಗಳು. ಕಣ್ಣಿಗೆ ಇಂಥ ಬೆಳಕು ಕಟ್ಟುವ ಅರೆತಲೆನೋವಿದ್ದವರಿಗೆ ಈಸ್ಟ್ರೋಜನ್ ಕೊಡಬಾರದು. ಮಿದುಳಿನ ರಕ್ತನಾಳ ಕಟ್ಟಿಕೊಳ್ಳುವ ಅಪಾಯ ಹೆಚ್ಚುತ್ತದೆ. ಮೈಲವ್ವನ ಮಣಿ ಈ ಏಳು ತಿಂಗಳಲ್ಲಿ ಪ್ರಮಾಣವನ್ನು ಎರಡು ಸಲ ಏರಿಸಿತ್ತು.

‘ಈಗಷ್ಟೇ ಆರಾಮ ಅಂದ್ರಲ್ಲ!’

‘ಆರಾಮೇನು ಅಂದ್ರ ಇಲ್ಲ ಅನ್ನಾಕ ಬರತೈತೇನ್ರಿ? ಊಟಾತೇನು ಅಂದ್ರ, ಹಸ್ತಿದ್ರೂ ಆತು ಅಂತೀವಿ.’

ಎದುರಿಗೆ ಕುಳಿತಿದ್ದ ಅವಳ ತಾಯಿ ಗುರುಶಾಂತವ್ವ ಬಾಯಿ ಹಾಕಿದಳು: ‘ಪಾಪ, ಬಳಿ ವಾರಕ್ಕೊಮ್ಮೆರ ಕೇಳತೈತಿ. ಇಕಿ ಗಂಡ ಮದುವ್ಯಾದಾಗಿಂದ ಒಮ್ಮಿಗೂ ಕೇಳಿಲ್ಲ!’

ಹೆಂಗಸರೆಲ್ಲ ನಕ್ಕರು. ವಾರುಣಿಗೆ ನಗಲಾಗಲಿಲ್ಲ. ‘ಮಣಿ ಈಗ ಬಂದ್ ಮಾಡಬೇಕು. ಹಿಂಗ ಬಿಟ್ರ ಲಕ್ವಾ ಹೊಡೀಬಹುದು.’

ಮೈಲವ್ವ ತೋಳು ಮುಚ್ಚಿಕೊಂಡಳು. ‘ಬ್ಯಾಡ್ರಿ. ಎರಡು ಹೆಣ್ಣದಾವು, ನಮ್ಮ ಮನಿಯವರಿಗೆ ಗಂಡಾಗಲೇಬೇಕಂತ ಹಟ. ಹೋದ ಹೆರಿಗ್ಯಾಗ ಆರು ಬಾಟ್ಲಿ ರಕ್ತ ಏರಿಸ್ಯಾರ. ಇನ್ನೊಮ್ಮಿ ಬಸುರಾದ್ರ ಉಳಿಯಂಗಿಲ್ಲ. ಹೇಳಿದ್ರ ಕಸಗೊಂತೀರಿ ಅಂತನ ಹೇಳಲಿಲ್ಲ.’

ವಾರುಣಿ ಅವಳ ಹತ್ತಿರಕ್ಕೆ ಸರಿದಳು. ‘ಹಾರ್ಮೋನ್ ಇಲ್ಲದ್ದು ಒಂದು ಅದ, ಕಾಪರ್ ಟಿ. ನೂರರಾಗ ತೊಂಬತ್ತೊಂಬತ್ತು ಮಂದಿಗೆ ಬಸುರು ತಡೀತದ. ಮೊದಲ ಕೆಲವು ತಿಂಗಳು ರಕ್ತ ಹೆಚ್ಚು ಹೋಗಬಹುದು, ಕಿಬ್ಬೊಟ್ಟಿ ನೋಯಬಹುದು. ಇವತ್ತ ಹಾಕಸೋಣ, ನಾನೇ ಜೋಡಿ ಬರ್ತೀನಿ. ಆದ್ರ ನೋವಾದ್ರ ನೋವಾತು ಅನ್ನಬೇಕು.’

ಮೈಲವ್ವ ಅವಳ ಮುಖವನ್ನೇ ನೋಡಿ, ಕೊನೆಗೆ ತೋಳು ಚಾಚಿದಳು.

ಸಂಜೆಯ ವರದಿ ಹೋಗುವುದಿಲ್ಲ, ಎಲ್ಲ ಮಣಿಗಳ ಈಸ್ಟ್ರೋಜನ್ ಅನ್ನು ಕನಿಷ್ಠಕ್ಕೆ ಇಳಿಸಿ ಎಂದು ವಾರುಣಿ ಪ್ರಯೋಗಾಲಯಕ್ಕೆ ತಿಳಿಸಿದಳು. ಆಮೇಲೆ ಗೋಣಿಚೀಲದ ಮೇಲೆ ಕುಳಿತು, ಉಳಿದವರನ್ನು ಕೇಳಿದಳು: ‘ಎಲ್ಲಿ ನೋಯ್ತದ?’

ತೊಟ್ಟು ಮುರಿಯುವ ಸದ್ದು ಮಾತ್ರ. ವಾರುಣಿ ಕಾದಳು. ಬಹಳ ಹೊತ್ತಿನ ಮೇಲೆ ಒಬ್ಬಳು, ಒಂದೇ ಕಾಲು ಬಾಯುತ್ತದೆ ಎಂದಳು. ಇನ್ನೊಬ್ಬಳಿಗೆ ನಿದ್ದೆಯಿಲ್ಲ. ಮತ್ತೊಬ್ಬಳು, ಸುಮ್ಮಸುಮ್ಮನೆ ಅಳು ಬರುತ್ತದೆ ಎಂದು ಹೇಳಿ ನಾಚಿದಳು. ಮಧ್ಯಾಹ್ನದ ಹೊತ್ತಿಗೆ ಒಂಬತ್ತು ಮಂದಿಯಾದರು. ಉಳಿದ ಊರುಗಳಲ್ಲಿ ಕೆಲವರ ಬಳೆಗಳಿಗೆ ಉತ್ತರ ಬರುವುದೇ ನಿಂತುಹೋಗಿತ್ತು. ಅವರ ಹೆಸರಿನ ಮುಂದೆ ‘ಸಂಪರ್ಕ ತಪ್ಪಿದೆ’ ಎಂದು ಬರೆದಿದ್ದವಳು ವಾರುಣಿಯೇ. ಯಾಕೆ ತಪ್ಪಿತೆಂದು ಅವಳು ವಿಚಾರಿಸಿರಲಿಲ್ಲ.

‘ನಾನೂ ಒಂದು ಹೇಳಲೇನ್ರಿ?’ ಎಂದಳು ಗುರುಶಾಂತವ್ವ. ‘ಇಪ್ಪತ್ತೆರಡನೇ ಇಸ್ವಿ. ಮೂರು ತಿಂಗಳಿಗೊಮ್ಮಿ ಸೂಜಿ ಮಾಡಸ್ಕೋತಿದ್ದೆ, ಬಸುರಾಗದಂಗ. ಮುಟ್ಟು ಒಮ್ಮೆ ಹದಿನೈದು ದಿನ ನಿಲ್ಲಲಿಲ್ಲ, ಆಮ್ಯಾಲ ಬರಲೇ ಇಲ್ಲ. ಆ ಸೂಜಿಗೆ ಹಂಗಾಗತೈತಿ, ಹೆದರಬ್ಯಾಡ ಅಂತ ಯಾರೂ ಹೇಳಲಿಲ್ಲ. ಕೆಟ್ಟ ರಕ್ತ ಒಳಗ ಕುಂತೈತಿ ಅಂದ್ಲು ನಮ್ಮತ್ತಿ. ಹೆದರಿ ಸೂಜಿ ಬಿಟ್ಟೆ. ನರ್ಸಬಾಯಿ ಬಂದು, ಎಲ್ಲಾ ಚಲೋ ಹೌದಿಲ್ಲೋ ಅಂದ್ಲು. ಹೂಂ ಅಂದೆ.’

ಮೈಲವ್ವನ ಕೈ ನಿಂತಿತು. ‘ನಾ ಹುಟ್ಟಿದ್ದು ಇಪ್ಪತ್ನಾಕರಾಗ. ನಾ ಬ್ಯಾಡಾಗಿದ್ದೆನೇನಬೇ?’

‘ನೀ ಅಲ್ಲವ್ವ. ಆಗ ಬ್ಯಾಡಾಗಿತ್ತು, ಅಷ್ಟ,’ ಎಂದಳು ತಾಯಿ. ‘ಅಷ್ಟು ಹೇಳಾಕೂ ಯಾರರ ಕುಂತು ಕೇಳಬೇಕಿತ್ತು.’

ಆ ವರ್ಷದ ಯಾವುದೋ ಆರೋಗ್ಯ ಕೇಂದ್ರದ ಪುಸ್ತಕದಲ್ಲಿ ಗುರುಶಾಂತವ್ವನ ಹೆಸರಿನ ಮುಂದೆ ‘ತೊಂದರೆ ಇಲ್ಲ’ ಎಂದು ಬರೆದಿರಬೇಕು. ಅಂಥ ಪುಟಗಳು ಎಷ್ಟೆಷ್ಟು ಊರುಗಳಲ್ಲಿ ತುಂಬಿದ್ದವೋ, ಮೂವತ್ತಾರು ವರ್ಷ ದೂರ ನಿಂತ ವಾರುಣಿಗೆ ತಿಳಿದುಕೊಳ್ಳುವ ದಾರಿ ಇರಲಿಲ್ಲ. ಆ ವರ್ಷಗಳಲ್ಲಿ ಬದುಕಿದ್ದವರಿಗೆ ಆ ದಾರಿ ಇತ್ತು.