ತೊಂಬತ್ತೊಂದನೇ ಮಹಡಿ

"ಸಪ್ನಾ, ತೊಂಬತ್ತು ಆತು. ಬಾ ಇಲ್ಲಿ, ನೋಡು."

ಹೊರಗಿನ ಕೋಣೆಯಿಂದ ಅಪ್ಪ ಕರೆದದ್ದು ಇದು ಮೂರನೇ ಸಲ. ಸಪ್ನಾ ಅಡಿಗೆಮನೆಯ ಕನ್ನಡಿಯ ಮುಂದೆ ನಿಂತು ಜಡೆಗೆ ರಿಬ್ಬನ್ ಕಟ್ಟಿಕೊಳ್ಳುತ್ತಿದ್ದಳು. "ಬಂದೆ ಅಪ್ಪಾ" ಅಂದಳು. ಅದೂ ಮೂರನೇ ಸಲವೇ. ಬಾಯಿ ಬಂದೆ ಬಂದೆ ಅನ್ನುತ್ತಿತ್ತು, ಕಾಲು ಮಾತ್ರ ಕನ್ನಡಿ ಬಿಟ್ಟು ಕದಲಲಿಲ್ಲ.

ಅವಳಿಗೆ ಹರ್ಷಾಳ ಮನೆಗೆ ಹೋಗುವ ಗಡಿಬಿಡಿ. ಹರ್ಷಾ ಎದುರಿನ ಬಿಲ್ಡಿಂಗಿನ ಹುಡುಗಿ, ಅವಳ ಅಪ್ಪ ಮೋಹನದಾಸರದು ಹೋಟೆಲು. ಅವರ ಮನೆಯಲ್ಲಿ ಕಂಪ್ಯೂಟರ್ ಇತ್ತು, ಕಂಪ್ಯೂಟರಿನಲ್ಲಿ ಕಾರ್ ರೇಸ್ ಇತ್ತು. ಎಂಥ ಕಾರು ಅಂತೀರಿ! ಅದರ ಗಾಜಿನಲ್ಲಿ ಮೋಡ ಕೂಡ ಓಡುವುದು ಕಾಣುತ್ತಿತ್ತು. ಅದನ್ನು ಬಿಟ್ಟು ಅಪ್ಪನ ಆಟ ಯಾರು ನೋಡುತ್ತಾರೆ?

ಅಪ್ಪನ ಆಟದಲ್ಲಿ ಹೆಸರುಕಾಳಿನಷ್ಟು ಒಬ್ಬ ಮನುಷ್ಯ. ಮೂಗಿಲ್ಲ, ಬಾಯಿಲ್ಲ. ನೂರು ಮಹಡಿಯ ಒಂದು ಬುರುಜು, ಅದನ್ನು ಅವನು ಹಾರಿ ಹಾರಿ ಹತ್ತಬೇಕು. ಹತ್ತುವಾಗಲೆಲ್ಲ ಟಿಣಿಂಗ್ ಟಿಣಿಂಗ್ ಎಂಬ ಒಂದೇ ಸದ್ದು. ಕೇಳಿ ಕೇಳಿ ಸಪ್ನಾಳಿಗೆ ತಲೆ ಚಿಟ್ಟು ಹಿಡಿದಿತ್ತು.

ಅದು ಹಳೆಯ ಟಿವಿ ಗೇಮ್. ಡಬ್ಬಿಯ ತಲೆಯ ಮೇಲೆ ಕ್ಯಾಸೆಟ್ ಸಿಕ್ಕಿಸಿ, ವಾಯರನ್ನು ಟಿವಿಯ ಹಿಂದೆ ಚುಚ್ಚಿ ಆಡುವುದು. ಈಗ 2006. ಅಪ್ಪ ಅದನ್ನು ತಂದದ್ದು 1993ರಲ್ಲಿ, ಸಪ್ನಾ ಇನ್ನೂ ಹುಟ್ಟಿರಲಿಲ್ಲ. ಆಗ ಅಪ್ಪ ಮಾರ್ಕೆಟ್ ಯಾರ್ಡಿನಲ್ಲಿ ಉಳ್ಳಾಗಡ್ಡಿ ಚೀಲ ಹೊರುತ್ತಿದ್ದ. ಒಂದೇ ಖೋಲಿಯಲ್ಲಿ ನಾಲ್ವರು ಹುಡುಗರು, ನಾಲ್ವರೂ ಕಲಬುರಗಿ ಕಡೆಯಿಂದ ಈ ಮರಾಠಿ ಶಹರಕ್ಕೆ ದುಡಿಯಲು ಬಂದವರು. ಎಲ್ಲರೂ ಕೂಡಿ ಆ ಗೇಮ್ ತಂದಿದ್ದರು. ಅವರಲ್ಲಿ ಮಲಕಪ್ಪ ಎಂಬವನು ಎಂಬತ್ತೊಂಬತ್ತನೇ ಮಹಡಿ ಮುಟ್ಟಿದ್ದ. ಅದೇ ಆ ಖೋಲಿಯ ರೆಕಾರ್ಡು. ನೂರು ಕಂಡವರು ಯಾರೂ ಇರಲಿಲ್ಲ. ಆಮೇಲೆ ಒಬ್ಬೊಬ್ಬರೇ ಚದುರಿ ಹೋದರು, ಗೇಮ್ ಅಪ್ಪನ ಹತ್ತಿರ ಉಳಿಯಿತು.

ಮೂರು ವಾರದ ಹಿಂದೆ ಅಪ್ಪ ಟೇಬಲ್ ಫ್ಯಾನ್ ಹುಡುಕಲು ಅಟ್ಟ ಹತ್ತಿದ್ದ. ಫ್ಯಾನ್ ಸಿಗಲಿಲ್ಲ, ಹಳೆಯ ದಿಂಬಿನ ಚೀಲದಲ್ಲಿ ಸುತ್ತಿಟ್ಟ ಈ ಡಬ್ಬಿ ಸಿಕ್ಕಿತು. ಅಪ್ಪನ ಮುಖ ನೀವು ನೋಡಬೇಕಿತ್ತು. ಅವ್ವ ಶಿವಕಾಂತಾ ಕೆಳಗೆ ಏಣಿ ಹಿಡಿದು ನಿಂತು, ಫ್ಯಾನ್ ಎಲ್ಲಿ ಅದ, ಸೆಕಿಯಾಗ ಸಾಯ್ಲಿಕತ್ತೀವಿ ಎಂದು ಕೂಗುತ್ತಿದ್ದಳು. ಅಪ್ಪ ಮಾತ್ರ ಅಲ್ಲೇ ಕುಳಿತು ಕ್ಯಾಸೆಟ್ಟಿನ ಧೂಳು ಊದುತ್ತಿದ್ದ.

ಅಪ್ಪನಿಗೆ ಈಗ ಶಹರದ ಹೊರಗೆ, ದೂರದ ರಾಂಜಣಗಾಂವದ ಕಂಪನಿಯಲ್ಲಿ ಪ್ರೆಸ್ ಮಷಿನ್ ಮೇಲೆ ಕೆಲಸ. ವಾರವೆಲ್ಲ ಅಲ್ಲೇ ವಾಸ. ಬುಧವಾರ ಸಂಜೆ ಕೊಂಢವಾದ ಮನೆಗೆ ಬಂದರೆ ಶುಕ್ರವಾರ ನಸುಕಿಗೆ ಹೊರಟುಬಿಡುತ್ತಿದ್ದ. ಅವನಿಗೆ ರಜೆ ಎಂದರೆ ಗುರುವಾರ ಒಂದೇ. ಆ ಮೂರೂ ಗುರುವಾರ ಅವನು ಬುರುಜು ಹತ್ತಿದ. ನಿನ್ನ ಮುತ್ಯಾ, ನಮ್ಮಪ್ಪ ಕಾಶಪ್ಪ, ಹನ್ನೊಂದು ಮಜಲಾದ ಬಿಲ್ಡಿಂಗಿಗೆ ಸೆಂಟ್ರಿಂಗ್ ಹೊಡೆದಾನ, ನಾ ನೂರು ಹತ್ತಿ ತೋರಿಸ್ತೀನಿ ನೋಡು ಎಂದು ನಗುತ್ತಿದ್ದ. ಬಾ, ಬಾಜೂ ಕೂಡು ಎಂದು ಸಪ್ನಾಳನ್ನು ಕರೆಯುತ್ತಿದ್ದ. ಅವಳು ಐದು ನಿಮಿಷ ಕುಳಿತಂತೆ ಮಾಡಿ, ಚಪ್ಪಲಿ ಮೆಟ್ಟಿ ಹರ್ಷಾಳ ಮನೆಗೆ ಓಡುತ್ತಿದ್ದಳು.

ಇವತ್ತಿನ ಗುರುವಾರ ಮಾತ್ರ ಬೇರೆ. ಕಂಪನಿಗೆ ದೊಡ್ಡ ಆರ್ಡರ್ ಬಂದಿತ್ತು. ಇನ್ನು ಮೇಲೆ ರಜೆ ಹದಿನೈದು ದಿನಕ್ಕೊಮ್ಮೆ, ಅದೂ ಸಿಕ್ಕರೆ ಸಿಕ್ಕಿತು. ಇವತ್ತು ನೂರು ಮುಟ್ಟಿಯೇ ಬಿಡ್ತೀನಿ ಎಂದು ಅಪ್ಪ ಬೆಳಿಗ್ಗೆ ಚಹಾ ಕುಡಿಯುವಾಗಲೇ ಹೇಳಿದ್ದ. ಊಟವನ್ನೂ ಮುಂದಕ್ಕೆ ಹಾಕಿ ನಾಲ್ಕು ತಾಸಿನಿಂದ ಕುಳಿತಿದ್ದ.

"ಸಪ್ನಾ, ತೊಂಬತ್ತೊಂದು!"

ಆ ಕೂಗಿಗೆ ಅವಳು ಕಡೆಗೂ ಬಾಗಿಲ ಕಡೆ ಹೊರಟಳು. ಅಷ್ಟರಲ್ಲಿ ಕೆಳಗೆ ಓಣಿಯಲ್ಲಿ ಟ್ಯಾಂಕರಿನ ಹಾರ್ನ್ ಕೇಳಿಸಿತು. ಮೇ ತಿಂಗಳಲ್ಲಿ ಆ ಹಾರ್ನ್ ಕೇಳಿದ ಮೇಲೆ ಕೊಂಢವಾದಲ್ಲಿ ಯಾರೂ ಕೂತ ಜಾಗದಲ್ಲಿ ಕೂರುವುದಿಲ್ಲ. ಅವ್ವ ಎರಡು ಕೊಡ ಹಿಡಿದು ಆಗಲೇ ಮೆಟ್ಟಿಲಿಳಿಯುತ್ತಿದ್ದಳು. ನೀರು ಎರಡು ದಿನದಿಂದ ಇರಲಿಲ್ಲ.

ಅಪ್ಪ ಗೇಮಿನ ರಿಮೋಟಿನ ನಡುವಿನ ಗುಂಡಿ ಒತ್ತಿದ. ಆಟ ಇದ್ದಲ್ಲೇ ನಿಂತಿತು, ಚಿತ್ರ ಮಾಯವಾಗಿ ಪರದೆ ಕಪ್ಪಾಯಿತು. ನಟ್ಟನಡುವೆ ಪಾಜ್ ಎಂಬ ಇಂಗ್ಲಿಷ್ ಅಕ್ಷರಗಳು ಮಾತ್ರ ಉಳಿದವು.

"ಇದನ್ನ ನೋಡ್ಕೋ ಅವ್ವಾ. ಈಗ ಬಂದೆ," ಎಂದು ಮಗಳಿಗೆ ಹೇಳಿ ಅಪ್ಪ ಬಕೆಟ್ ಎತ್ತಿಕೊಂಡು ಓಡಿದ.

ಬಂದ್ ಮಾಡಬ್ಯಾಡ ಎಂದು ಅವನು ಹೇಳಲಿಲ್ಲ. ಅದನ್ನೂ ಬಾಯಿಬಿಟ್ಟು ಹೇಳಬೇಕಾದೀತು ಎಂದು ಅವನಿಗೆ ಹೊಳೆಯಲೇ ಇಲ್ಲ. ಆ ಕಾಲದ ಖೋಲಿಯಲ್ಲಿ ಒಬ್ಬನು ಆಟ ನಿಲ್ಲಿಸಿ ಎದ್ದರೆ ಇನ್ನೊಬ್ಬನು ಡಬ್ಬಿಯ ಪಕ್ಕ ಕಾವಲು ಕೂರುತ್ತಿದ್ದ. ವಾಯರ್ ದಾಟಲು ಕೂಡ ಯಾರಿಗೂ ಧೈರ್ಯ ಇರಲಿಲ್ಲ.

ಸಪ್ನಾ ಪಾಪ, ನೋಡಿಕೊಳ್ಳಲೆಂದೇ ಕುಳಿತಳು. ಹತ್ತು ನಿಮಿಷವಾಯಿತು, ಇಪ್ಪತ್ತಾಯಿತು. ಟ್ಯಾಂಕರಿನ ಪಾಳಿ ಅಷ್ಟು ಬೇಗ ಮುಗಿಯುವಂಥದ್ದಲ್ಲ. ಏನೋ ಸುಟ್ಟ ವಾಸನೆ ಬಂದಂತಾಯಿತು. ಗೋಡೆಗೆ ಚುಚ್ಚಿದ ಅಡಾಪ್ಟರ್ ಮುಟ್ಟಿದರೆ ಬೆರಳು ಚುರ್ ಅಂದಿತು. ಅಪ್ಪನ ಗೇಮ್ ಸುಟ್ಟುಹೋದರೆ ಏನು ಗತಿ ಎಂದು ಅವಳಿಗೆ ಹೆದರಿಕೆಯಾಯಿತು.

ಶಾಲೆಯ ಕಂಪ್ಯೂಟರ್ ಸರ್ ಕಲಿಸಿದ್ದು ಅವಳಿಗೆ ಬಾಯಿಪಾಠವಾಗಿತ್ತು. ಆಡದೆ ಇರುವಾಗ ಮಷಿನ್ ಚಾಲೂ ಬಿಡಬಾರದು, ನೀಟಾಗಿ ಬಂದ್ ಮಾಡಿ ಮೇಲೆ ಬಟ್ಟೆ ಹೊದಿಸಬೇಕು. ಹರ್ಷಾಳ ಕಾರ್ ರೇಸ್ ಅರ್ಧಕ್ಕೆ ಬಿಟ್ಟರೂ ಮರುದಿನ ಅಲ್ಲಿಂದಲೇ ಶುರುವಾಗುತ್ತಿತ್ತು. ಇಲ್ಲಿಯೂ ಹಾಗೇ ತಾನೇ?

ಸಪ್ನಾ ಡಬ್ಬಿಯ ಸ್ವಿಚ್ ಒತ್ತಿದಳು. ಟಿವಿ ಬಂದ್ ಮಾಡಿದಳು. ಬಿಸಿ ಅಡಾಪ್ಟರನ್ನು ಫ್ರಾಕಿನ ತುದಿಯಿಂದ ಹಿಡಿದು ಕಿತ್ತಳು. ವಾಯರುಗಳನ್ನು ಸುತ್ತಿ, ಡಬ್ಬಿಯ ಮೇಲೆ ಅವ್ವನ ಕಸೂತಿಯ ಕರವಸ್ತ್ರ ಹೊದಿಸಿದಳು. ಹರ್ಷಾಳ ಮನೆಗೂ ಹೋಗದೆ, ಅಪ್ಪ ಬಂದು ಶಹಬ್ಬಾಸ್ ಅನ್ನಲಿ ಎಂದು ಕಾದಳು.

ಅಪ್ಪ ಬಂದ. ಅಂಗಿಯೆಲ್ಲ ತೊಯ್ದಿತ್ತು, ಎರಡೂ ಕೈಯಲ್ಲಿ ಬಕೆಟ್ಟು. ಹೊಸ್ತಿಲಲ್ಲೇ ನಿಂತು ಕರವಸ್ತ್ರ ಹೊದ್ದ ಡಬ್ಬಿಯನ್ನು ನೋಡಿದ. ಬಕೆಟ್ ಕೆಳಗಿಡುವುದನ್ನೇ ಮರೆತ.

ಸಪ್ನಾ ಹೆಮ್ಮೆಯಿಂದ ಎಲ್ಲ ಹೇಳಿದಳು, ಅಡಾಪ್ಟರ್ ಬಿಸಿಯಾಗಿದ್ದದ್ದು, ತಾನು ನೀಟಾಗಿ ಬಂದ್ ಮಾಡಿಟ್ಟದ್ದು. ಹೇಳುತ್ತ ಹೇಳುತ್ತ ಅಪ್ಪನ ಮುಖ ನೋಡಿದಳು. ಅವಳ ದನಿ ತಾನಾಗಿಯೇ ಸಣ್ಣದಾಯಿತು.

"ಸೇವ್ ಆಗಿರ್ತದಲ್ಲ, ಅಪ್ಪಾ?"

ಅಪ್ಪ ಬಕೆಟ್ ಇಳಿಸಿದ. ಕೈ ಒರೆಸಿಕೊಂಡ.

"ಇದರಾಗ ಸೇವ್ ಇರಂಗಿಲ್ಲ ಅವ್ವಾ. ಬಂದ್ ಮಾಡಿದ್ರ ಮುಗೀತು. ಮತ್ತ ಒಂದರಿಂದ ಶುರು."

ಸಪ್ನಾ ನಂಬಲಿಲ್ಲ. ವಾಯರುಗಳನ್ನೆಲ್ಲ ಬಿಚ್ಚಿ ಮತ್ತೆ ಚುಚ್ಚಿದಳು. ಟಿಣಿಂಗ್ ಎಂದು ಬುರುಜು ಮೂಡಿತು. ಆ ಪುಟ್ಟ ಮನುಷ್ಯ ಒಂದನೇ ಮಹಡಿಯಲ್ಲಿ, ನೆಲದ ಮೇಲೆ ನಿಂತಿದ್ದ. ಅವಳು ರಿಮೋಟಿನ ಗುಂಡಿಗಳನ್ನೆಲ್ಲ ಒಂದೊಂದಾಗಿ ಒತ್ತಿದಳು. ತೊಂಬತ್ತೊಂದು ಎಲ್ಲಿಯೂ ಇರಲಿಲ್ಲ.

ಅಪ್ಪ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು, ಒಂದಿಷ್ಟು ಅತ್ತು ಹಗುರಾಗುತ್ತಿದ್ದಳು. ಇರಲಿ ಬಿಡು, ಬರೀ ಆಟ ತಾನೇ ಎಂದು ಅಪ್ಪ ಅವಳ ತಲೆ ಸವರಿ ಊಟಕ್ಕೆ ಕುಳಿತ. ಹುಡುಗಿಗೆ ಏನು ಗೊತ್ತು, ನೀವರ ಹೇಳಿ ಹೋಗಬೇಕಿತ್ತಲ್ರೀ ಎಂದು ಅವ್ವ ರೊಟ್ಟಿ ಬಡಿಸುತ್ತ ಅಂದಳು. ಅಪ್ಪ ಹೂಂ ಅಂದ. ಊಟ ಮುಗಿಸಿ ಗೋಡೆ ಕಡೆ ಹೊರಳಿ ಮಲಗಿದ. ಯಾವತ್ತೂ ಮಲಗಿದ ಕೂಡಲೇ ಗೊರಕೆ ಹೊಡೆಯುವವನು, ಅವತ್ತು ಹೊಡೆಯಲಿಲ್ಲ. ಶುಕ್ರವಾರ ಸಪ್ನಾ ಏಳುವುದರೊಳಗೆ ರಾಂಜಣಗಾಂವಕ್ಕೆ ಹೊರಟುಹೋಗಿದ್ದ.

ಸಪ್ನಾ ಕ್ಯಾಲೆಂಡರಿನಲ್ಲಿ ದಿನ ಎಣಿಸಿದಳು. ಅಪ್ಪ ಬರುವುದು ಇನ್ನು ಹದಿನೈದು ದಿನಕ್ಕೆ. ಅಷ್ಟರಲ್ಲಿ ತಾನೇ ಹತ್ತಿ, ತೊಂಬತ್ತೊಂದು ಮುಟ್ಟಿಸಿ, ಪಾಜ್ ಒತ್ತಿ ಇಟ್ಟರೆ? ಅಪ್ಪ ಬಂದವನೇ ಅಲ್ಲಿಂದ ಮುಂದೆ ಆಡಬಹುದು. ಇದೇನು ಮಹಾ, ಹಳೇ ಗೇಮ್, ಎರಡು ದಿನದ ಕೆಲಸ ಎಂದುಕೊಂಡಳು.

ಮೊದಲನೇ ದಿನ ನಾಲ್ಕನೇ ಮಹಡಿಯಲ್ಲಿ ಸತ್ತಳು. ಎರಡನೇ ದಿನವೂ ನಾಲ್ಕರಲ್ಲೇ. ಏಳರಲ್ಲಿ ಬಾವಲಿಗಳು, ಹನ್ನೆರಡರಲ್ಲಿ ಉರುಳುವ ಕಲ್ಲು. ಪ್ರತಿ ಸಲ ಸತ್ತಾಗಲೂ ಮತ್ತೆ ಒಂದು. ಹರ್ಷಾ ಕಿಟಕಿಯಿಂದ ಕೂಗಿ ಕರೆದಳು, ಒಮ್ಮೆ ಮನೆಗೇ ಬಂದು ಕುಳಿತಳು. ಎಂತದು ಮಾರಾಯ್ತಿ, ಇದರಲ್ಲಿ ಗ್ರಾಫಿಕ್ಸೇ ಇಲ್ಲ ಎಂದು ನಕ್ಕು, ಐದು ನಿಮಿಷಕ್ಕೆ ಎದ್ದು ಹೋದಳು. ಸಪ್ನಾಳಿಗೆ ಸಿಟ್ಟು ಬಂತು. ಹತ್ತೊಂಬತ್ತನೇ ಮಹಡಿಯ ಗರಗಸ ದಾಟುವುದು ಎಷ್ಟು ಕಷ್ಟ ಎಂದು ಇವಳಿಗೇನು ಗೊತ್ತು?

ಹನ್ನೆರಡನೇ ದಿನ ಮಧ್ಯಾಹ್ನ ಅವಳು ಇಪ್ಪತ್ತಾರು ದಾಟಿದಳು. ಅಲ್ಲಿ ಕಾಲಿಟ್ಟ ಮೆಟ್ಟಿಲೆಲ್ಲ ಉದುರುತ್ತವೆ. ಆಮೇಲೆ ಮೂವತ್ತು, ಮೂವತ್ತೊಂದು. ಹೆಬ್ಬೆರಳು ಬಾತಿತ್ತು, ಅಂಗೈ ಬೆವೆತಿತ್ತು. ಅಡಾಪ್ಟರ್ ಮತ್ತೆ ಕಾದಿತ್ತು. ಅವಳು ಪಾಜ್ ಒತ್ತಿ, ಅದಕ್ಕೆ ನೋಟ್‌ಬುಕ್ಕಿನಿಂದ ಗಾಳಿ ಹಾಕುತ್ತ ಕುಳಿತಳು. ಯಾರೂ ವಾಯರ್ ದಾಟಬ್ಯಾಡ್ರಿ ಎಂದು ಅವ್ವನಿಗೇ ತಾಕೀತು ಮಾಡಿದಳು.

ಮೂರು ಗಂಟೆಗೆ ಕರೆಂಟ್ ಹೋಯಿತು. ಆ ಬೇಸಿಗೆಯ ಲೋಡ್ ಶೆಡ್ಡಿಂಗ್ ಯಾರನ್ನೂ ಕೇಳಿ ಬರುತ್ತಿರಲಿಲ್ಲ. ಕಪ್ಪು ಪರದೆಯ ನಡುವಿನ ಅಕ್ಷರಗಳೂ ಆರಿಹೋದವು. ಸಪ್ನಾ ಗಾಳಿ ಹಾಕುವುದನ್ನು ನಿಲ್ಲಿಸಲಿಲ್ಲ. ಆಮೇಲೆ ನೋಟ್‌ಬುಕ್ ಕೆಳಗಿಟ್ಟು ಬಿಕ್ಕಿ ಬಿಕ್ಕಿ ಅತ್ತಳು. ಮೂವತ್ತೊಂದಕ್ಕೇ ಇಷ್ಟು ಸಂಕಟವಾದರೆ, ಅವತ್ತು ಅಪ್ಪನಿಗೆ ಹೇಗಾಗಿರಬೇಡ!

ಮರುದಿನ ಬುಧವಾರ. ಸಂಜೆ ಅಪ್ಪ ಬಂದ. ಕಣ್ಣು ಒಳಗೆ ಹೋಗಿದ್ದವು, ಬಲಗೈ ಹೆಬ್ಬೆರಳಿಗೆ ಪಟ್ಟಿ ಸುತ್ತಿತ್ತು. ಪ್ರೆಸ್ಸಿನ ಕೆಲಸದಲ್ಲಿ ಇದೆಲ್ಲ ಇರುವುದೇ ಎಂದ. ನಾಳೆ ಗೇಮ್ ಹಚ್ಚಲೇನು ಎಂದು ಸಪ್ನಾ ಮೆಲ್ಲಗೆ ಕೇಳಿದಳು.

"ಬ್ಯಾಡ ಅವ್ವಾ. ಬಟ್ಟು ಮಡಚಲಿಕ್ಕೇ ಬರವಲ್ದು. ಅಷ್ಟು ದೂರ ಹೋಗೋದು ಇನ್ನ ನನ್ನ ಕೈಲೆ ಆಗಂಗಿಲ್ಲ."

ಅಪ್ಪ ಅದನ್ನು ನಗುತ್ತಲೇ ಹೇಳಿದ. ಸಪ್ನಾಳಿಗೆ ನಗು ಬರಲಿಲ್ಲ. ಅಪ್ಪ ಊಟಕ್ಕೆ ಕುಳಿತಾಗ ತಾಟಿಗೆ ರೊಟ್ಟಿ ಹಾಕುತ್ತ ಅಂದಳು.

"ನಾ ಮೂವತ್ತೊಂದರ ತನಕ ಹೋಗಿದ್ದೆ, ಅಪ್ಪಾ."

ಅಪ್ಪ ಹಿಡಿದ ರೊಟ್ಟಿಯ ತುಂಡು ಹಾಗೇ ನಿಂತಿತು. ಖರೇನೇ ಎಂದು ಕೇಳಿದ. ಇಪ್ಪತ್ತಾರು ಹ್ಯಾಂಗ ದಾಟಿದಿ, ಅಲ್ಲಿ ಮೆಟ್ಟಲಾ ಬೀಳ್ತಾವಲ್ಲ ಎಂದ. ಸಪ್ನಾ ಹೇಳಿದಳು, ನಿಲ್ಲಲೇಬಾರದು, ಕಣ್ಣು ಮುಚ್ಚಿ ಓಡಬೇಕು. ಅಪ್ಪ ತೊಡೆ ತಟ್ಟಿದ, ಮಲಕಪ್ಪನೂ ಹಂಗೇ ಓಡತಿದ್ದ ಎಂದ. ಹತ್ತೊಂಬತ್ತರ ಗರಗಸದ ಮಾತಾಯಿತು, ಹನ್ನೆರಡರ ಕಲ್ಲಿನ ಮಾತಾಯಿತು. ಅಪ್ಪ ಇಷ್ಟು ಮಾತಾಡಿದ್ದನ್ನು ಅವಳು ಎಂದೂ ಕೇಳಿರಲಿಲ್ಲ. ಅವನ ತಾಟಿನಲ್ಲಿ ಪಲ್ಯ ಆರಿ ತಣ್ಣಗಾಗುತ್ತಿತ್ತು. ಈ ಮಾತುಗಳನ್ನೆಲ್ಲ ಅಪ್ಪ ಆ ಮೂರು ಗುರುವಾರವೂ ಬಾಯಿತುಂಬ ಇಟ್ಟುಕೊಂಡು ಕುಳಿತಿದ್ದ ಎಂದು ಅವಳಿಗೆ ಈಗ ತಿಳಿಯಿತು. ಆಗ ಅವನ ಬಾಜೂ ಯಾರೂ ಇರಲಿಲ್ಲ.

"ತೊಂಬತ್ತೊಂದರಾಗ ಏನಿತ್ತು, ಅಪ್ಪಾ?"

ಅಪ್ಪ ಪಟ್ಟಿ ಸುತ್ತಿದ ಕೈಯಿಂದ ಗಾಳಿಯಲ್ಲಿ ಒಂದು ಚೌಕ ಬರೆದ.

"ಅಲ್ಲಿ ಒಂದು ಕಿಡಕಿ ಇತ್ತು. ಅಷ್ಟೂ ಮಜಲಾದಾಗ ಎಲ್ಲೂ ಕಿಡಕಿ ಇದ್ದಿಲ್ಲ ನೋಡು. ಅದರಾಗಿಂದ ಹೊರಗ ಆಕಾಶ ಕಾಣತಿತ್ತು. ಒಂದು ಗಳಿಗಿ ನೋಡಿದೆ ಅಷ್ಟೇ. ಅಷ್ಟರಾಗ ಟ್ಯಾಂಕರ್ ಬಂತು."

"ಆಕಾಶ ಯಾವ ಬಣ್ಣದ್ದಿತ್ತು?"

"ನೀಲಿ ಅಲ್ಲ. ಕೆಂಪೂ ಅಲ್ಲ. ಹ್ಯಾಂಗ ಹೇಳಲಿ ನಿನಗ, ಕಣ್ಣಿಂದ ನೋಡಿದ್ರ ತಿಳೀತಿತ್ತು."

ಅಪ್ಪ ಅದನ್ನು ಸುಮ್ಮನೆ ಹೇಳಿದ್ದ, ಅವಳಿಗೆ ನೋವಾಗಲಿ ಎಂದು ಹೇಳಿರಲಿಲ್ಲ. ಅವನು ಕರೆದಾಗ ಅವಳು ಅಲ್ಲೇ ಇದ್ದಳು, ಹತ್ತು ಹೆಜ್ಜೆ ಆಚೆ. ಅವಳು ಕಣ್ಣು ಮುಚ್ಚಿ ಆ ಕಿಟಕಿಯನ್ನು ಕಾಣಲು ನೋಡಿದಳು. ಎಷ್ಟು ಬಿಗಿಯಾಗಿ ಮುಚ್ಚಿದರೂ ಕಪ್ಪು ಪರದೆಯೇ ಕಂಡಿತು.

ಅವಳು ಕಣ್ಣು ತೆರೆದು ಅಪ್ಪನ ಬಾಜೂ ಸರಿದು ಕುಳಿತಳು.

"ಇನ್ನೊಮ್ಮೆ ಹೇಳು ಅಪ್ಪಾ," ಅಂದಳು. "ಕಿಡಕಿ ಯಾವ ಕಡೆ ಇತ್ತು?"